ಅಳತೆಗೋಲನ್ನೇ ಅಳೆದವರು: ಆಂಡರ್ಸ್ ಸೆಲ್ಸಿಯಸ್



ಬೇಸಿಗೆ ಬಂತೆಂದರೆ ನಮ್ಮ ರಾಯಚೂರಿನ ಹೆಸರು ಪತ್ರಿಕೆಯಲ್ಲಿ ತಪ್ಪದೆ ಬರುತ್ತದೆ. ಇಂದು 42 ಡಿಗ್ರಿ ಸೆಲ್ಸಿಯಸ್, ನಾಳೆ 43 ಡಿಗ್ರಿ ಸೆಲ್ಸಿಯಸ್ ಎಂದು ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. ಬಿಸಿಲಿನ ವಿಷಯ ನಮಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ ಬಿಡ್ರಿ, ಕಾಲಿಗೆ ಚಪ್ಪಲಿ ಇಲ್ಲದೆ ಅಂಗಳಕ್ಕೆ ಇಳಿದರೆ ಸಾಕು. ಆದರೆ ಆ ಸಾಲಿನ ಕೊನೆಗೆ ಬರುವ ಸೆಲ್ಸಿಯಸ್ ಎಂಬುದು ಒಬ್ಬ ಮನುಷ್ಯರ ಹೆಸರು ಅಂತ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಹಿಮ ಬೀಳುವ ದೇಶದಲ್ಲಿ ಹುಟ್ಟಿದ ಅವರ ಹೆಸರು ನಮ್ಮ ಬಿಸಿಲೂರಿನಲ್ಲಿ ದಿನದ ಮಾತಾಗಿದೆ.

ಈ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನ ಬರೆಯಬೇಕೆಂದು ನಮ್ಮ ವಿಜ್ಞಾನದ ಸರ್ ಹೇಳಿದಾಗ ನಾನು ಇವರನ್ನೇ ಆರಿಸಿಕೊಂಡೆ. ಸೆಲ್ಸಿಯಸ್ ಅವರು ಉಷ್ಣಮಾಪಕವನ್ನು ಕಂಡುಹಿಡಿಯಲಿಲ್ಲ. ಅದು ಅವರಿಗಿಂತ ಮೊದಲೇ ಇತ್ತು. ಉಷ್ಣಮಾಪಕ ಖರೇ ಹೇಳುತ್ತದೋ ಸುಳ್ಳು ಹೇಳುತ್ತದೋ ಎಂದು ಯಾರು ಬೇಕಾದರೂ, ಯಾವ ಊರಿನಲ್ಲಿ ಬೇಕಾದರೂ ಪರೀಕ್ಷಿಸುವ ದಾರಿಯನ್ನು ಅವರು ಗಟ್ಟಿ ಮಾಡಿದರು. ಅಳೆಯುವುದು ಒಂದು ಕೆಲಸ. ಅಳತೆಗೋಲು ಸರಿ ಇದೆಯೇ ಎಂದು ನೋಡುವುದು ಅದಕ್ಕಿಂತ ಮೊದಲಿನ ಕೆಲಸ. ಸಂತೆಯಲ್ಲಿ ತೂಕದ ಕಲ್ಲಿಗೆ ಸರಕಾರಿ ಮುದ್ರೆ ಇದೆಯೇ ಎಂದು ನಮ್ಮ ಹಿರಿಯರು ತಿರುವಿ ನೋಡುತ್ತಾರಲ್ಲ, ಹಂಗ.

ಜನನ ಮತ್ತು ಮನೆತನ

ಆಂಡರ್ಸ್ ಸೆಲ್ಸಿಯಸ್ 1701ರ ನವೆಂಬರ್ 27ರಂದು ಸ್ವೀಡನ್ ದೇಶದ ಉಪ್ಸಲಾ ಎಂಬ ಊರಿನಲ್ಲಿ ಹುಟ್ಟಿದರು. ಸ್ವೀಡನ್ ಯುರೋಪಿನ ಉತ್ತರ ಭಾಗದಲ್ಲಿದೆ. ಅಲ್ಲಿ ಚಳಿಗಾಲ ಅಂದ್ರೆ ನಮ್ಮ ಮಾಗಿಯ ಚಳಿ ಅಲ್ಲ. ನದಿಯ ನೀರೇ ಗಟ್ಟಿಯಾಗಿ ಅದರ ಮೇಲೆ ಬಂಡಿ ಎಳೆಯುವಂಥ ಚಳಿ. ಉಪ್ಸಲಾದಲ್ಲಿ 1477ರಲ್ಲಿಯೇ ಸ್ಥಾಪನೆಯಾದ ಹಳೆಯ ವಿಶ್ವವಿದ್ಯಾಲಯವಿದೆ.

ಮನೆತನವೇ ಲೆಕ್ಕ ಮತ್ತು ನಕ್ಷತ್ರಗಳ ಮನೆತನ. ತಂದೆ ನಿಲ್ಸ್ ಸೆಲ್ಸಿಯಸ್ ಖಗೋಳಶಾಸ್ತ್ರದ ಪ್ರಾಧ್ಯಾಪಕರು. ತಂದೆಯ ತಂದೆ ಮ್ಯಾಗ್ನಸ್ ಸೆಲ್ಸಿಯಸ್ ಗಣಿತಜ್ಞರು. ತಾಯಿಯ ತಂದೆ ಆಂಡರ್ಸ್ ಸ್ಪೋಲೆ ಕೂಡ ಖಗೋಳಶಾಸ್ತ್ರಜ್ಞರು. ನಮ್ಮ ಕಡೆ ಊರಿನ ಹೆಸರೇ ಅಡ್ಡಹೆಸರಾಗುವಂತೆ ಇವರ ಅಡ್ಡಹೆಸರೂ ಒಂದು ಜಾಗದಿಂದ ಬಂದದ್ದು. ಆ ಜಾಗದ ಸ್ವೀಡಿಷ್ ಹೆಸರಿಗೆ ದಿಬ್ಬ, ಎತ್ತರ ಎಂದು ಅರ್ಥ. ಅದನ್ನೇ ಲ್ಯಾಟಿನ್ ಭಾಷೆಗೆ ತಿರುಗಿಸಿ ಸೆಲ್ಸಿಯಸ್ ಎಂದು ಮಾಡಿಕೊಂಡರು.

ಬಾಲಕ ಆಂಡರ್ಸ್ ಗಣಿತದಲ್ಲಿ ಬಹಳ ಚುರುಕು. ಉಪ್ಸಲಾದಲ್ಲಿ 1722ರಿಂದ ಹವೆಯನ್ನು ಅಳೆದು ಬರೆದಿಡುವ ಪದ್ಧತಿ ಶುರುವಾಯಿತು. ಆ ಕೆಲಸದಲ್ಲಿ ಯುವಕ ಸೆಲ್ಸಿಯಸ್ ಕೂಡ ಪಾಲುಗೊಂಡರು. ಅಲ್ಲಿ ಆರಂಭವಾದ ದಾಖಲೆ ಜಗತ್ತಿನ ಅತಿ ಹಳೆಯ ಹವಾಮಾನ ದಾಖಲೆಗಳಲ್ಲಿ ಒಂದು. 1725ರಲ್ಲಿ ಅವರು ಉಪ್ಸಲಾದ ವಿಜ್ಞಾನ ಸಂಘದ ಕಾರ್ಯದರ್ಶಿಯಾದರು. 1730ರಲ್ಲಿ ಖಗೋಳಶಾಸ್ತ್ರದ ಪ್ರಾಧ್ಯಾಪಕರಾದರು. ಆಗ ಅವರಿಗೆ ಇನ್ನೂ 30 ವರ್ಷ ತುಂಬಿರಲಿಲ್ಲ.

ಬಂಡೆಯ ಮೇಲೊಂದು ಗೆರೆ

ಸ್ವೀಡನ್ನಿನ ಪೂರ್ವಕ್ಕೆ ಬಾಲ್ಟಿಕ್ ಸಮುದ್ರವಿದೆ. ಅಲ್ಲಿಯ ಮೀನುಗಾರರು ಒಂದು ಮಾತು ಹೇಳುತ್ತಿದ್ದರು: ನಮ್ಮ ಅಜ್ಜಂದಿರ ಕಾಲದಲ್ಲಿ ನೀರಿನಲ್ಲಿ ಮುಳುಗಿದ್ದ ಬಂಡೆಗಳು ಈಗ ಮೇಲೆ ಕಾಣಿಸುತ್ತವೆ ಎಂದು. ಸಮುದ್ರ ನಿಜವಾಗಿಯೂ ಕೆಳಗೆ ಇಳಿಯುತ್ತಿದೆಯೇ? ಬಾಯಿಮಾತಿನಿಂದ ಇದು ತೀರ್ಮಾನವಾಗುವುದಿಲ್ಲ. 1731ರಲ್ಲಿ ಸೆಲ್ಸಿಯಸ್ ಅವರು ಯೆವ್ಲೆ ಎಂಬ ಊರಿನ ಹತ್ತಿರದ ಲೋವ್‌ಗ್ರುಂಡ್ ದ್ವೀಪದಲ್ಲಿ, ನೀರು ಮುಟ್ಟುವ ಮಟ್ಟಕ್ಕೆ ಸರಿಯಾಗಿ ಒಂದು ಬಂಡೆಯ ಮೇಲೆ ಗೆರೆ ಕೊರೆಸಿದರು. ಮುಂದೆ ಬಂದವರು ನೀರು ಎಲ್ಲಿದೆ, ಗೆರೆ ಎಲ್ಲಿದೆ ಎಂದು ನೋಡಿದರೆ ಸಾಕು.

ನಮ್ಮ ರಾಯಚೂರು ಕೋಟೆಯ ಗೋಡೆಯಲ್ಲಿ 40 ಅಡಿಗೂ ಉದ್ದವಾದ ಒಂದೇ ಕಲ್ಲು ಇದೆಯಲ್ಲ, 1294ರ ಶಾಸನ ಇರುವ ಕಲ್ಲು. ಅದನ್ನು ಕೆತ್ತಿದವರು ಹೋದರೂ ಕಲ್ಲು ಇನ್ನೂ ಸಾಕ್ಷಿ ಹೇಳುತ್ತಿದೆ. ಸೆಲ್ಸಿಯಸ್ ಅವರ ಗೆರೆಯೂ ಹಾಗೆಯೇ.

ಇದರಲ್ಲಿ ಒಂದು ಸ್ವಾರಸ್ಯವಿದೆ. ನೂರು ವರ್ಷಕ್ಕೆ ಒಂದು ಮೀಟರಿಗೂ ಹೆಚ್ಚು ನೀರು ಇಳಿಯುತ್ತದೆ ಎಂದು ಅವರು ಲೆಕ್ಕ ಹಾಕಿದರು. ಸಮುದ್ರದ ನೀರೇ ಕಡಿಮೆಯಾಗುತ್ತಿದೆ ಎಂದು ಕಾರಣ ಕೊಟ್ಟರು. ಆ ಕಾರಣ ತಪ್ಪು. ಸಾವಿರಾರು ವರ್ಷಗಳ ಹಿಂದೆ ಅಲ್ಲಿಯ ನೆಲದ ಮೇಲೆ ಕಿಲೋಮೀಟರ್‌ಗಟ್ಟಲೆ ದಪ್ಪ ಹಿಮದ ಹೊರೆ ಇತ್ತು. ಹಿಮ ಕರಗಿ ಹೊರೆ ಇಳಿದ ಮೇಲೆ ನೆಲ ನಿಧಾನವಾಗಿ ಮೇಲೆ ಏಳುತ್ತಿದೆ ಎಂದು ಮುಂದಿನವರು ಕಂಡುಕೊಂಡರು. ಆದರೂ ಅವರ ಗೆರೆ ವ್ಯರ್ಥವಾಗಲಿಲ್ಲ. ಮುಂದಿನ ತಲೆಮಾರಿನವರು ಅದೇ ಗೆರೆಯಿಂದ ಅಳೆದರು. ವಿವರಣೆ ಬದಲಾದರೂ ಸರಿಯಾಗಿ ಹಾಕಿದ ಗುರುತು ಕೆಲಸಕ್ಕೆ ಬರುತ್ತದೆ.

ದೇಶ ಸಂಚಾರ, ಹೆಪ್ಪುಗಟ್ಟಿದ ನದಿಯ ಮೇಲೆ ಅಳತೆ

ಪ್ರಾಧ್ಯಾಪಕರಾದರೂ ಅವರ ಊರಿನಲ್ಲಿ ಒಳ್ಳೆಯ ವೀಕ್ಷಣಾಲಯ ಇರಲಿಲ್ಲ. ಆದ್ದರಿಂದ 1732ರಲ್ಲಿ ಅವರು ಹೊರದೇಶಗಳಿಗೆ ಹೊರಟರು. ಜರ್ಮನಿ, ಇಟಲಿ, ಫ್ರಾನ್ಸ್, ಇಂಗ್ಲೆಂಡ್ ಎಂದು ಸುಮಾರು ನಾಲ್ಕು ವರ್ಷ ತಿರುಗಿದರು. 1733ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಉತ್ತರದ ಆಕಾಶದಲ್ಲಿ ರಾತ್ರಿ ಹಸಿರು ಕೆಂಪು ಬೆಳಕಿನ ಪರದೆಯಂತೆ ಕಾಣುವ ಧ್ರುವಪ್ರಭೆಯನ್ನು ತಾವೂ ಇತರರೂ ಕಂಡ 316 ಸಂದರ್ಭಗಳ ವಿವರ ಅದರಲ್ಲಿದೆ.

ಆ ಕಾಲದಲ್ಲಿ ವಿದ್ವಾಂಸರಲ್ಲಿ ದೊಡ್ಡ ಜಗಳವೊಂದು ನಡೆದಿತ್ತು. ಭೂಮಿ ಗುಂಡಗಿದೆ, ನಿಜ. ಆದರೆ ಅದು ಕಿತ್ತಳೆಯಂತೆ ಧ್ರುವಗಳಲ್ಲಿ ಚಪ್ಪಟೆಯೋ, ನಿಂಬೆಯಂತೆ ಧ್ರುವಗಳಲ್ಲಿ ಚೂಪೋ? ನ್ಯೂಟನ್ನರ ಲೆಕ್ಕದಂತೆ ಚಪ್ಪಟೆ ಇರಬೇಕು. ಫ್ರಾನ್ಸಿನ ಕ್ಯಾಸಿನಿ ಮನೆತನದ ವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ. ವಾದ ಮಾಡಿ ಪ್ರಯೋಜನವಿಲ್ಲ, ಅಳೆಯಬೇಕು ಎಂದು ಎರಡು ತಂಡಗಳು ಹೊರಟವು. ಒಂದು ಸಮಭಾಜಕ ವೃತ್ತದ ಕಡೆ ದಕ್ಷಿಣ ಅಮೆರಿಕಕ್ಕೆ, ಇನ್ನೊಂದು ಉತ್ತರ ಧ್ರುವದ ಕಡೆ ಲ್ಯಾಪ್‌ಲೆಂಡಿಗೆ. ಉತ್ತರದ ತಂಡದ ನಾಯಕರು ಫ್ರಾನ್ಸಿನ ಮೊಪೆರ್ಟ್ಯೂಯಿ. ಸೆಲ್ಸಿಯಸ್ ಆ ತಂಡವನ್ನು ಸೇರಿದರು. ಬೇಕಾದ ಸೂಕ್ಷ್ಮ ಸಾಧನಗಳನ್ನು ಲಂಡನ್ನಿನಿಂದ ಹೊಂದಿಸಿದ್ದರಲ್ಲಿ ಅವರ ಪಾತ್ರ ದೊಡ್ಡದು.

1736ರ ಬೇಸಿಗೆಯಲ್ಲಿ ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನು ಅಳೆದರು. ಡಿಸೆಂಬರ್ ತಿಂಗಳ ಕಡುಚಳಿಯಲ್ಲಿ ಗಟ್ಟಿಯಾಗಿ ನಿಂತ ಟೋರ್ನೆ ನದಿಯ ಮೇಲೆ ಸುಮಾರು 14 ಕಿಲೋಮೀಟರ್ ನೇರ ಗೆರೆಯನ್ನು ಮರದ ಕೋಲುಗಳಿಂದ ಅಳೆದರು. ಒಂದೇ ದೂರವನ್ನು ಎರಡು ಗುಂಪುಗಳು ಬೇರೆ ಬೇರೆ ಅಳೆದವು. ಎರಡರ ನಡುವೆ ಬಂದ ವ್ಯತ್ಯಾಸ ಕೇವಲ ನಾಲ್ಕು ಅಂಗುಲದಷ್ಟು! ಕಡೆಗೆ ಭೂಮಿ ಧ್ರುವಗಳಲ್ಲಿ ಚಪ್ಪಟೆ ಎಂದು ತೀರ್ಮಾನವಾಯಿತು, ನ್ಯೂಟನ್ನರ ಮಾತು ಉಳಿಯಿತು. 1801ರಿಂದ 1803ರವರೆಗೆ ಸ್ವೀಡನ್ನಿನವರು ಮತ್ತೆ ಹೋಗಿ ಅಳೆದಾಗ ಮೊದಲಿನ ಅಂಕಿಯಲ್ಲಿ ಸ್ವಲ್ಪ ದೋಷ ಇದ್ದದ್ದು ತಿಳಿಯಿತು. ಆದರೆ ಚಪ್ಪಟೆ ಎಂಬ ತೀರ್ಮಾನ ಬದಲಾಗಲಿಲ್ಲ. ಒಮ್ಮೆ ಅಳೆದದ್ದನ್ನು ಇನ್ನೊಬ್ಬರು ಅಳೆದು ತಾಳೆ ನೋಡಬೇಕು ಎಂಬುದಕ್ಕೆ ಇದೇ ಉದಾಹರಣೆ.

ಉಷ್ಣಮಾಪಕಗಳ ಗೊಂದಲ

ಈಗ ಅವರ ಮುಖ್ಯ ಕೆಲಸಕ್ಕೆ ಬರುತ್ತೇನೆ. 1740ರ ಸುಮಾರಿಗೆ ಯುರೋಪಿನಲ್ಲಿ ಉಷ್ಣಮಾಪಕಗಳು ಹತ್ತಾರು ಬಗೆಯವು. ಫ್ಯಾರನ್‌ಹೀಟ್ ಅವರು 1724ರಲ್ಲಿ ಮಂಜುಗಡ್ಡೆ, ನೀರು, ನವಸಾಗರ ಬೆರೆಸಿದ ತಣ್ಣನೆಯ ಮಿಶ್ರಣವನ್ನು ಸೊನ್ನೆ ಎಂದು ಹಿಡಿದರು. ರಿಯೋಮರ್ ಅವರು 1730ರಲ್ಲಿ ನೀರು ಹೆಪ್ಪುಗಟ್ಟುವಲ್ಲಿ ಸೊನ್ನೆ ಇಟ್ಟು, ಕುದಿಯುವಲ್ಲಿ 80 ಬರುವ ಅಳತೆ ಮಾಡಿದರು. ರಷ್ಯಾದಲ್ಲಿದ್ದ ಡೆಲಿಲ್ ಅವರು ಕುದಿಯುವಲ್ಲಿ ಸೊನ್ನೆ ಇಟ್ಟು, ತಣ್ಣಗಾದಷ್ಟೂ ಅಂಕಿ ಹೆಚ್ಚುವಂತೆ ಮಾಡಿದರು. ಒಂದೂರಿನ ಅಂಕಿ ಇನ್ನೊಂದೂರಿಗೆ ತಿಳಿಯದು. ನಮ್ಮಲ್ಲಿ ಒಂದೂರ ಸೇರು ಇನ್ನೊಂದೂರ ಸೇರಿಗೆ ಸರಿಹೋಗದೆ ಜಗಳ ಬೀಳುತ್ತಿದ್ದ ಕಾಲದ ಹಾಗೆ ಅಂದುಕೊಳ್ಳಿ.

ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿತ್ತು. ನೀರು ಹೆಪ್ಪುಗಟ್ಟುವ ಉಷ್ಣತೆ ಎಲ್ಲ ಊರಿಗೂ ಒಂದೇನಾ? ಉತ್ತರದ ಕಡೆ ಹೋದಂತೆ ಅದು ಬದಲಾಗುತ್ತದೆ ಎಂದು ಅನುಮಾನಿಸಿದವರಿದ್ದರು. ಹಾಗಿದ್ದರೆ ಅದನ್ನು ಗುರುತಾಗಿ ಹಿಡಿದು ಏನು ಉಪಯೋಗ?

ಎರಡು ಗುರುತುಗಳು

ಸೆಲ್ಸಿಯಸ್ ಅವರು ಎರಡು ಚಳಿಗಾಲ ಇದನ್ನೇ ಹಿಡಿದು ಕುಳಿತರು. ಕರಗುತ್ತಿರುವ ಹಿಮದಲ್ಲಿ ಉಷ್ಣಮಾಪಕ ಇಟ್ಟರು. ಹೊರಗೆ ಕಡುಚಳಿ ಇದ್ದಾಗ ನೋಡಿದರು, ಚಳಿ ಕಡಿಮೆ ಇದ್ದಾಗ ನೋಡಿದರು. ಹಿಮವನ್ನು ಬೆಚ್ಚನೆಯ ಕೋಣೆಗೆ ತಂದು ನೋಡಿದರು. ಹಿಮ ಕರಗುತ್ತಾ ಇರುವವರೆಗೂ ಪಾದರಸ ಒಂದೇ ಗೆರೆಯ ಮೇಲೆ ನಿಂತಿತು. ದೂರದ ಉತ್ತರದ ಟೋರ್ನೆಯಲ್ಲಿ ಕಂಡದ್ದಕ್ಕೂ ಬೇರೆ ಊರುಗಳಲ್ಲಿ ಕಂಡದ್ದಕ್ಕೂ ಹೋಲಿಸಿದರು. ಊರು ಬದಲಾದರೂ ಆ ಗೆರೆ ಬದಲಾಗಲಿಲ್ಲ.

ಕುದಿಯುವ ನೀರಿನ ಕಥೆ ಬೇರೆ. ಗಾಳಿಯ ಒತ್ತಡ ಹೆಚ್ಚು ಕಡಿಮೆಯಾದರೆ ಕುದಿಯುವ ಉಷ್ಣತೆಯೂ ಹೆಚ್ಚು ಕಡಿಮೆಯಾಗುತ್ತದೆ. ಫ್ಯಾರನ್‌ಹೀಟ್ ಇದನ್ನು ಮೊದಲೇ ಕಂಡಿದ್ದರು. ಸೆಲ್ಸಿಯಸ್ ಅವರು ವಾಯುಭಾರಮಾಪಕವನ್ನು ಪಕ್ಕದಲ್ಲಿಟ್ಟುಕೊಂಡು ಅಳೆದು ದೃಢಪಡಿಸಿದರು. ಕುದಿಯುವ ಗುರುತು ಹಾಕಬೇಕಾದರೆ ಗಾಳಿಯ ಒತ್ತಡ ಇಷ್ಟೇ ಇರಬೇಕು ಎಂದು ನಿಗದಿ ಮಾಡಿದರು. 1742ರಲ್ಲಿ ಸ್ವೀಡನ್ನಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಈ ಎರಡು ಸ್ಥಿರ ಗುರುತುಗಳ ಬಗ್ಗೆ ಲೇಖನ ಪ್ರಕಟಿಸಿ, ಅವುಗಳ ನಡುವಿನ ದೂರವನ್ನು 100 ಸಮಭಾಗ ಮಾಡಿದರು.

ಕರಗುವ ಹಿಮ ಯಾಕೆ ಅಷ್ಟು ನಂಬಿಗಸ್ತ ಸಾಕ್ಷಿ? ಹಿಮ ಮತ್ತು ನೀರು ಒಟ್ಟಿಗೆ ಇರುವಾಗ ಹೊರಗಿನಿಂದ ಬಂದ ಶಾಖವೆಲ್ಲ ಹಿಮ ಕರಗಿಸಲು ಖರ್ಚಾಗುತ್ತದೆ. ಉಷ್ಣತೆ ಏರುವುದಿಲ್ಲ. ತಣ್ಣಗೆ ಮಾಡಲು ಹೋದರೆ ಒಂದಿಷ್ಟು ನೀರು ಹಿಮವಾಗುತ್ತದೆ, ಉಷ್ಣತೆ ಇಳಿಯುವುದಿಲ್ಲ. ತಕ್ಕಡಿಯ ಎರಡು ತಟ್ಟೆ ಸಮ ನಿಂತ ಹಾಗೆ. ಇದಕ್ಕೆ ಪ್ರಾವಸ್ಥಾ ಸಮತೋಲನ ಎನ್ನುತ್ತಾರೆ. ಹೆಸರು ದೊಡ್ಡದು, ವಿಷಯ ಇಷ್ಟೇ: ಒಂದೇ ವಸ್ತುವಿನ ಎರಡು ಸ್ಥಿತಿಗಳು ಜಗಳವಿಲ್ಲದೆ ಕೂಡಿ ಇರುವ ಜಾಗ. ಅಂಥ ಜಾಗಕ್ಕೆ ಒಂದು ನಿಶ್ಚಿತ ಉಷ್ಣತೆ ಇರುತ್ತದೆ. ಆದ್ದರಿಂದಲೇ ಅದನ್ನು ಗುರುತಾಗಿ ಬಳಸಬಹುದು.

ಆದರೆ ಹಿಮ ಶುದ್ಧವಾಗಿರಬೇಕು. ಕುಲ್ಫಿ ಮಾರುವವರು ಬರ್ಫಕ್ಕೆ ಉಪ್ಪು ಹಾಕುವುದನ್ನು ನೋಡಿದ್ದೀರಲ್ಲ? ಉಪ್ಪು ಬೆರೆತರೆ ಮಿಶ್ರಣ ಸೊನ್ನೆಗಿಂತ ಕೆಳಗೆ, ಸುಮಾರು 21 ಡಿಗ್ರಿವರೆಗೂ ಕೆಳಗೆ ಇಳಿಯಬಲ್ಲದು. ಸಾಕ್ಷಿಯೇ ಕೆಟ್ಟರೆ ನ್ಯಾಯ ಎಲ್ಲಿಂದ ಬರಬೇಕು?

ನಮ್ಮ ಶಾಲೆಯ ಮೂರು ಉಷ್ಣಮಾಪಕಗಳು

ಸೆಲ್ಸಿಯಸ್ ಅವರ ಕೆಲಸ ಎಷ್ಟು ಗಟ್ಟಿ ಎಂದು ನಾವೇ ಮಾಡಿ ನೋಡಿದೆವು. ನಮ್ಮ ಪ್ರಯೋಗದ ಕೋಣೆಯಲ್ಲಿ ಮೂರು ಉಷ್ಣಮಾಪಕಗಳಿವೆ. ಒಂದೇ ಮೇಜಿನ ಮೇಲೆ ಇಟ್ಟರೂ ಒಂದು 34, ಇನ್ನೊಂದು 36, ಮತ್ತೊಂದು 33 ತೋರಿಸಿದವು. ಯಾವುದನ್ನು ನಂಬಬೇಕು? ಮಾನ್ವಿಯಿಂದ ಗೋಣಿಚೀಲದಲ್ಲಿ ಭತ್ತದ ಹೊಟ್ಟು ತುಂಬಿ ಬರ್ಫ ತಂದೆವು. ಹೊಟ್ಟು ತೊಳೆದು, ಪುಡಿ ಮಾಡಿ, ಕರಗಲು ಬಿಟ್ಟು, ಮೂರನ್ನೂ ಅದರಲ್ಲಿ ಇಟ್ಟೆವು. ಮೊದಲನೆಯದು 0, ಎರಡನೆಯದು 2, ಮೂರನೆಯದು ಸೊನ್ನೆಗಿಂತ 1 ಕೆಳಗೆ ತೋರಿಸಿತು.

ಆಮೇಲೆ ನೀರು ಕುದಿಸಿದೆವು. ಮೊದಲನೆಯದು 98.5, ಎರಡನೆಯದು 100.5, ಮೂರನೆಯದು 97.5. ಈಗ ತರಗತಿಯಲ್ಲಿ ಜೋರು ಚರ್ಚೆ. ನೀರು 100 ಡಿಗ್ರಿಗೆ ಕುದಿಯುತ್ತದೆ ಎಂದು ಪುಸ್ತಕದಲ್ಲಿದೆ, ಆದ್ದರಿಂದ ಎರಡನೆಯದೇ ಸರಿ ಎಂದು ಬಹಳ ಮಂದಿ ಕೈ ಎತ್ತಿದರು. ಆದರೆ 100 ಎಂಬುದು ಸಮುದ್ರಮಟ್ಟದ ಮಾತು. ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ಸುಮಾರು 300 ಮೀಟರ್ ಏರಿದರೆ ಕುದಿಯುವ ಉಷ್ಣತೆ 1 ಡಿಗ್ರಿ ಇಳಿಯುತ್ತದೆ. ಅಂದ್ರೆ ನಮ್ಮ ಕಡೆ ನೀರು 98.5ರ ಆಜುಬಾಜು ಕುದಿಯಬೇಕು. ಮೊದಲನೆಯದು ಖರೇ ಹೇಳುತ್ತಿದೆ. ಎರಡನೆಯದು ಎಲ್ಲ ಕಡೆ 2 ಡಿಗ್ರಿ ಹೆಚ್ಚು, ಮೂರನೆಯದು ಎಲ್ಲ ಕಡೆ 1 ಡಿಗ್ರಿ ಕಡಿಮೆ ಹೇಳುತ್ತಿದೆ. ಕೈ ಎತ್ತಿಸಿ ಮತ ಎಣಿಸಿದರೆ ಸುಳ್ಳೇ ಗೆಲ್ಲುತ್ತಿತ್ತು! ಈಗ ಎರಡನೆಯದರ ಮೇಲೆ 2 ಕಳೆಯಿರಿ ಎಂದೂ ಮೂರನೆಯದರ ಮೇಲೆ 1 ಕೂಡಿಸಿ ಎಂದೂ ಚೀಟಿ ಅಂಟಿಸಿದ್ದೇವೆ. ಒಂದನ್ನೂ ಎಸೆಯಲಿಲ್ಲ. ದೋಷ ಎಷ್ಟೆಂದು ಗೊತ್ತಾದರೆ ದೋಷವಿರುವ ಸಾಧನವೂ ಕೆಲಸಕ್ಕೆ ಬರುತ್ತದೆ.

ಕರಗುವಿಕೆಯ ಲೆಕ್ಕಕ್ಕೂ ಇದೇ ಬುನಾದಿ

100 ಗ್ರಾಂ ನೀರಿನಲ್ಲಿ ಪೆಟ್ಲುಪ್ಪು 20 ಡಿಗ್ರಿಯಲ್ಲಿ ಸುಮಾರು 32 ಗ್ರಾಂ ಕರಗುತ್ತದೆ, 40 ಡಿಗ್ರಿಯಲ್ಲಿ ಸುಮಾರು 62 ಗ್ರಾಂ. ಲೆಕ್ಕ ಮಾಡಿ: ಒಂದು ಡಿಗ್ರಿಗೆ ಸರಾಸರಿ ಒಂದೂವರೆ ಗ್ರಾಂ. ನಮ್ಮ ಎರಡನೆಯ ಉಷ್ಣಮಾಪಕ ನಂಬಿ ಅಳೆದರೆ ಸುಮಾರು 3 ಗ್ರಾಂ ತಪ್ಪು ಬರುತ್ತದೆ. ತೂಕ ಎಷ್ಟೇ ಜಾಗರೂಕತೆಯಿಂದ ಮಾಡಿದರೂ ಉಪಯೋಗವಿಲ್ಲ.

ಅಡುಗೆ ಉಪ್ಪಿನ ಗುಣ ಬೇರೆ. 100 ಗ್ರಾಂ ನೀರಿನಲ್ಲಿ ಅದು ಸುಮಾರು 36 ಗ್ರಾಂ ಕರಗುತ್ತದೆ. 20 ಡಿಗ್ರಿ ಇರಲಿ, 40 ಡಿಗ್ರಿ ಇರಲಿ, ಹೆಚ್ಚುಕಮ್ಮಿ ಅಷ್ಟೇ. ತಳದಲ್ಲಿ ಕರಗದ ಉಪ್ಪು ಉಳಿದಿರುವಾಗ ಮೇಲಿನ ನೀರು ಪರ್ಯಾಪ್ತ ದ್ರಾವಣವಾಗಿರುತ್ತದೆ. ಕರಗುವಷ್ಟೇ ಉಪ್ಪು ಮತ್ತೆ ಹರಳಾಗಿ ಕೂಡುತ್ತದೆ. ಇಲ್ಲಿಯೂ ಅದೇ ತಕ್ಕಡಿಯ ಸಮತೋಲನ. ಆದ್ದರಿಂದ ಗೊತ್ತಿಲ್ಲದ ಲವಣದ ಕರಗುವಿಕೆ ಅಳೆಯುವ ಮೊದಲು ಅಡುಗೆ ಉಪ್ಪಿನಿಂದ ಕೈ ಪರೀಕ್ಷೆ ಮಾಡಿಕೊಳ್ಳಬಹುದು. 36ರ ಹತ್ತಿರ ಬಂದರೆ ನಾವು ಕಲಕಿದ್ದು, ಸೋಸಿದ್ದು, ಆರಿಸಿ ತೂಗಿದ್ದು ಸರಿ. ಆದರೆ ಒಂದು ಎಚ್ಚರ: ಉಪ್ಪಿಗೆ ಉಷ್ಣತೆಯ ಪರಿವೆ ಇಲ್ಲದ ಕಾರಣ ಉಷ್ಣಮಾಪಕದ ಸುಳ್ಳನ್ನು ಅದು ಹಿಡಿದುಕೊಡುವುದಿಲ್ಲ. ಅದಕ್ಕೆ ಕರಗುವ ಬರ್ಫವೇ ಬೇಕು. ಯಾವ ತಪ್ಪನ್ನು ಹುಡುಕುತ್ತೇವೋ ಆ ತಪ್ಪಿಗೆ ತಕ್ಕ ಸಾಕ್ಷಿಯನ್ನು ಆರಿಸಬೇಕು. ಹೀಗೆ ಗುಣ ಮೊದಲೇ ನಿಖರವಾಗಿ ಗೊತ್ತಿದ್ದು, ಬೇರೆ ಅಳತೆಗಳನ್ನು ತಾಳೆ ನೋಡಲು ಇಟ್ಟುಕೊಂಡ ಶುದ್ಧ ವಸ್ತುವಿಗೆ ನಿರ್ದೇಶಕ ದ್ರವ್ಯ ಎಂದು ಹೆಸರು.

ಇದು ಬರೀ ಪ್ರಯೋಗಾಲಯದ ಮಾತಲ್ಲ. ದೇವದುರ್ಗ, ಮಾನ್ವಿ ಕಡೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ನೆಲದೊಳಗಿನ ಕಲ್ಲಿನಿಂದ ಅದು ನೀರಿಗೆ ಕರಗಿ ಬರುತ್ತದೆ. ಹಲ್ಲಿನ ಮೇಲೆ ಕಂದು ಗೆರೆ ಬರುವುದು, ಮೊಣಕಾಲು ಬಿಗಿಯುವುದು ನಮಗೆ ಹೊಸದಲ್ಲ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1.5 ಮಿಲಿಗ್ರಾಂ ಮೀರಬಾರದು. ನೀರು ಪರೀಕ್ಷೆ ಮಾಡುವವರು ಮೊದಲು ತಮ್ಮ ಯಂತ್ರವನ್ನೇ ಪರೀಕ್ಷಿಸಬೇಕು. 2.21 ಗ್ರಾಂ ಶುದ್ಧ ಸೋಡಿಯಂ ಫ್ಲೋರೈಡನ್ನು ಒಂದು ಲೀಟರ್ ದ್ರಾವಣ ಮಾಡಿದರೆ ಅದರಲ್ಲಿ 1000 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ಅದನ್ನು ಸಾವಿರ ಪಟ್ಟು ತೆಳು ಮಾಡಿದರೆ ಲೀಟರಿಗೆ 1 ಮಿಲಿಗ್ರಾಂ. ಯಂತ್ರ ಅದನ್ನು 1 ಎಂದೇ ತೋರಿಸಬೇಕು. ಹಾಗೆ ನೋಡದೆ 2.2 ಇರುವ ನೀರಿಗೆ 1.2 ಎಂದು ಬರೆದರೆ ಇಡೀ ಊರು ನಂಬಿ ಆ ನೀರು ಕುಡಿಯುತ್ತದೆ. ಜ್ವರ ನೋಡುವ ಉಷ್ಣಮಾಪಕ 2 ಡಿಗ್ರಿ ಕಡಿಮೆ ತೋರಿಸಿದರೆ ಸುಡುವ ಜ್ವರದ ಕೂಸಿಗೂ ಏನೂ ಆಗಿಲ್ಲ ಎಂದು ಮನೆಗೆ ಕಳಿಸುತ್ತಾರೆ. ಅಳತೆಗೋಲಿನ ಸುಳ್ಳು ಯಾರಿಗೂ ಕೇಳಿಸುವುದಿಲ್ಲ, ಅದಕ್ಕೇ ಅದು ಅಪಾಯ.

ಕೊನೆಯ ವರ್ಷಗಳು

ಊರಿಗೆ ಮರಳಿದ ಸೆಲ್ಸಿಯಸ್ ಅವರ ಪ್ರಯತ್ನದಿಂದ 1741ರಲ್ಲಿ ಉಪ್ಸಲಾದಲ್ಲಿ ವೀಕ್ಷಣಾಲಯ ಸಿದ್ಧವಾಯಿತು. ಆ ಮನೆ ಇಂದಿಗೂ ಅಲ್ಲಿದೆ. ಅದೇ ವರ್ಷ ಅವರೂ ಅವರ ಭಾವನವರಾದ ಓಲೊಫ್ ಹ್ಯೋರ್ಟರ್ ಅವರೂ ಸೇರಿ, ಧ್ರುವಪ್ರಭೆ ಕಾಣಿಸಿದಾಗ ಅಯಸ್ಕಾಂತದ ಸೂಜಿ ಅಲುಗಾಡುವುದನ್ನು ಗಮನಿಸಿದರು. ಆಕಾಶದ ಬೆಳಕಿಗೂ ಭೂಮಿಯ ಕಾಂತಶಕ್ತಿಗೂ ನಂಟಿದೆ ಎಂದು ಇದರಿಂದ ಗೊತ್ತಾಯಿತು. ನಕ್ಷತ್ರಗಳ ಬೆಳಕನ್ನು ಅಳೆಯಲು ಗಾಜಿನ ಬಿಲ್ಲೆಗಳನ್ನು ಒಂದರ ಮೇಲೊಂದು ಇಟ್ಟು ಎಷ್ಟು ಬಿಲ್ಲೆಗೆ ನಕ್ಷತ್ರ ಮರೆಯಾಗುತ್ತದೆ ಎಂದು ನೋಡುವ ವಿಧಾನವನ್ನೂ ಅವರು ಬಳಸಿದರು.

ಆದರೆ ಆಯುಷ್ಯ ಕಡಿಮೆ ಇತ್ತು. ಕ್ಷಯರೋಗದಿಂದ 1744ರ ಏಪ್ರಿಲ್ 25ರಂದು ಉಪ್ಸಲಾದಲ್ಲಿಯೇ ತೀರಿಕೊಂಡರು. ಆಗ ಅವರಿಗೆ 42 ವರ್ಷ. ಹಳೆಯ ಉಪ್ಸಲಾದ ಚರ್ಚಿನಲ್ಲಿ ಅಜ್ಜ ಮ್ಯಾಗ್ನಸ್ ಅವರ ಪಕ್ಕದಲ್ಲಿ ಅವರ ಸಮಾಧಿ ಇದೆ.

ತಿರುವು ಮುರುವಾದ ಅಳತೆ

ಈಗ ನಿಮಗೆ ಆಶ್ಚರ್ಯವಾಗುವ ಮಾತು. ಸೆಲ್ಸಿಯಸ್ ಅವರು ಮಾಡಿದ ಅಳತೆಯಲ್ಲಿ ನೀರು ಕುದಿಯುವುದು 0, ಹಿಮ ಕರಗುವುದು 100! ಅವರ ಲೆಕ್ಕದಲ್ಲಿ ನಮ್ಮ ರಾಯಚೂರಿನ 43 ಡಿಗ್ರಿ ಬಿಸಿಲು 57 ಆಗುತ್ತದೆ. ಬಿಸಿಲು ಏರಿದಷ್ಟೂ ಅಂಕಿ ಇಳಿಯುತ್ತದೆ. 1743ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಕ್ರಿಸ್ಟಿನ್ ಅವರು ಹಿಮಕ್ಕೆ 0, ಕುದಿನೀರಿಗೆ 100 ಇಟ್ಟ ಉಷ್ಣಮಾಪಕ ತಂದರು. 1745ರಲ್ಲಿ ಉಪ್ಸಲಾದ ಸಸ್ಯಶಾಸ್ತ್ರಜ್ಞ ಲಿನೇಯಸ್ ಅವರ ಬಳಿಯೂ ಹಾಗೆ ತಿರುಗಿಸಿದ ಉಷ್ಣಮಾಪಕ ಇತ್ತು. ನಾವು ಇಂದು ಬಳಸುವುದು ಈ ತಿರುಗಿಸಿದ ಅಳತೆಯನ್ನೇ. ಅಂಕಿ ಮೇಲೆ ಕೆಳಗೆ ಆದರೂ ಸೆಲ್ಸಿಯಸ್ ಅವರ ಎರಡು ಗುರುತುಗಳು ಅಲ್ಲೇ ಉಳಿದವು.

ಬಹುಕಾಲ ಇದಕ್ಕೆ ಸೆಂಟಿಗ್ರೇಡ್ ಎನ್ನುತ್ತಿದ್ದರು. ನಮ್ಮ ಅಜ್ಜ ಈಗಲೂ ಹಾಗೇ ಅಂತಾರೆ. ಕೆಲವು ಭಾಷೆಗಳಲ್ಲಿ ಕೋನದ ಅಳತೆಗೂ ಅದೇ ಪದ ಇದ್ದುದರಿಂದ 1948ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ ಸೆಲ್ಸಿಯಸ್ ಎಂಬ ಹೆಸರನ್ನೇ ಒಪ್ಪಿತು. 1954ರಲ್ಲಿ ಇನ್ನೂ ನಿಖರವಾದ ಗುರುತು ಬಂತು. ಗಾಳಿ ತೆಗೆದ ಗಾಜಿನ ಪಾತ್ರೆಯಲ್ಲಿ ಮಂಜುಗಡ್ಡೆ, ನೀರು, ಆವಿ ಮೂರೂ ಒಟ್ಟಿಗೆ ಸಮತೋಲನದಲ್ಲಿ ಇರುವುದು 0.01 ಡಿಗ್ರಿಯಲ್ಲಿ ಮಾತ್ರ. ಅದಕ್ಕೆ ಗಾಳಿಯ ಒತ್ತಡದ ಹಂಗಿಲ್ಲ. 2019ರ ಮೇ 20ರಿಂದ ಉಷ್ಣತೆಯ ಮೂಲಮಾನದ ವ್ಯಾಖ್ಯೆಯನ್ನು ವಸ್ತುವಿನ ಬದಲು ಬೋಲ್ಟ್ಸ್‌ಮನ್ ಸ್ಥಿರಾಂಕ ಎಂಬ ಒಂದು ಅಂಕಿಗೆ ಕಟ್ಟಿದ್ದಾರೆ. ಆದರೂ ಪ್ರಯೋಗಾಲಯಗಳಲ್ಲಿ ಉಷ್ಣಮಾಪಕಗಳನ್ನು ತಾಳೆ ನೋಡಲು ನೀರಿನ ಪಾತ್ರೆಯನ್ನೂ ಶುದ್ಧ ಲೋಹಗಳನ್ನೂ ಬಳಸುತ್ತಲೇ ಇದ್ದಾರೆ. ತವರ 231.928 ಡಿಗ್ರಿಗೆ, ಸತು 419.527 ಡಿಗ್ರಿಗೆ ಗಟ್ಟಿಯಾಗುತ್ತವೆ. ಗ್ಯಾಲಿಯಂ ಎಂಬ ಲೋಹ 29.7646 ಡಿಗ್ರಿಗೇ ಕರಗುತ್ತದೆ. ನಮ್ಮೂರ ಬೇಸಿಗೆಯಲ್ಲಿ ಅದನ್ನು ಕರಗಿಸಲು ಒಲೆ ಬೇಕಾಗಿಲ್ಲ ನೋಡ್ರಿ, ಕಟ್ಟೆಯ ಮೇಲೆ ಇಟ್ಟರೆ ಸಾಕು!

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವಿದೆ. 1950ರಲ್ಲಿ ಉದ್ಘಾಟನೆಯಾದ ಅದರ ಮೊದಲ ನಿರ್ದೇಶಕರು ಕೆ. ಎಸ್. ಕೃಷ್ಣನ್. ಅದು ಭಾರತೀಯ ನಿರ್ದೇಶಕ ದ್ರವ್ಯ ಎಂಬ ಹೆಸರಿನಲ್ಲಿ ತಾಳೆ ನೋಡುವ ವಸ್ತುಗಳನ್ನು ದೃಢೀಕರಿಸುತ್ತದೆ.

ಸೆಲ್ಸಿಯಸ್ ಅವರ ಜೀವನದಿಂದ ನನಗೆ ಹಿಡಿಸಿದ್ದು ಇದು. ನನ್ನ ಮಾತು ನಂಬಿ ಎಂದು ಅವರು ಜಗತ್ತಿಗೆ ಹೇಳಬೇಕಾಗಲಿಲ್ಲ. ಹಿಮ ತಗೊಳ್ಳಿ, ಕರಗಲು ಬಿಡಿ, ನೀವೇ ನೋಡಿ ಎಂಬಂಥ ದಾರಿ ತೋರಿಸಿದರು. ಸ್ವೀಡನ್ನಿನ ಪ್ರಾಧ್ಯಾಪಕರಿಗೂ ಮಾನ್ವಿ ತಾಲ್ಲೂಕಿನ ಹಳ್ಳಿಶಾಲೆಯ ಮಕ್ಕಳಿಗೂ ಕರಗುವ ಬರ್ಫ ಒಂದೇ ಉತ್ತರ ಕೊಡುತ್ತದೆ.

ಯೋಚಿಸಿ ನೋಡಿ

1. ಆರೋಗ್ಯವಂತರ ಮೈಶಾಖ ಸುಮಾರು 37 ಡಿಗ್ರಿ. ಸೆಲ್ಸಿಯಸ್ ಅವರ ಮೊದಲಿನ ಅಳತೆಯಲ್ಲಿ ಅದು ಎಷ್ಟು?
2. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ನಮ್ಮೂರಿಗಿಂತ ಹೆಚ್ಚು ಉಷ್ಣತೆಗೆ ಕುದಿಯುತ್ತದೋ, ಕಡಿಮೆಗೋ?
3. ಸವಳು ನೀರಿನಿಂದ ಮಾಡಿದ ಬರ್ಫದಲ್ಲಿ ಉಷ್ಣಮಾಪಕ ಪರೀಕ್ಷಿಸಿದರೆ ಏನಾಗುತ್ತದೆ?

ಉತ್ತರ ಬರೆದು ಗೋಡೆ ಪತ್ರಿಕೆಯ ಡಬ್ಬಿಯಲ್ಲಿ ಹಾಕಿರಿ. ಸರಿ ಉತ್ತರಗಳು ಮುಂದಿನ ಸಂಚಿಕೆಯಲ್ಲಿ.

(ಹತ್ತನೇ ತರಗತಿ, ವಿಜ್ಞಾನ ಸಂಘದ ಪರವಾಗಿ)